ಬರುವ ನೀರು, ಹೋಗುವ ನೀರು: ಪ್ಲಂಬಿಂಗ್ ಪದಗಳನ್ನು ಅರ್ಥ ಮಾಡಿಕೊಳ್ಳುವ ದಾರಿ

ಮನೆ ಕಟ್ಟಿಸುವವರು ಸಿಮೆಂಟು, ಕಬ್ಬಿಣ, ಟೈಲ್ಸ್ ಬಗ್ಗೆ ಹತ್ತು ಜನರನ್ನು ವಿಚಾರಿಸುತ್ತಾರೆ. ಪ್ಲಂಬಿಂಗ್ ವಿಷಯ ಬಂದಾಗ ಮಾತ್ರ "ಅದೆಲ್ಲ ಪ್ಲಂಬರ್ ನೋಡಿಕೊಳ್ಳುತ್ತಾರೆ" ಅಂತ ಸುಮ್ನಾಗಿಬಿಡುತ್ತಾರೆ. ಎನ್‌ಆರ್‌ವಿ, ನಹಾನಿ ಟ್ರ್ಯಾಪ್, ಎಫ್‌ಟಿಎ, ಆ್ಯಂಗಲ್ ಕಾಕ್ ಅಂತ ಒಂದರ ಹಿಂದೆ ಒಂದು ಪದ ಬಂದು ಬಿದ್ದರೆ ಏನು ಕೇಳಬೇಕು ಅನ್ನುವುದೇ ತಿಳಿಯುವುದಿಲ್ಲ, ಅಲ್ವಾ? ಆದರೆ ಈ ಪೈಪುಗಳೆಲ್ಲ ನಾಳೆ ಗೋಡೆಯೊಳಗೆ, ನೆಲದ ಕೆಳಗೆ ಸೇರಿಹೋಗುತ್ತವೆ. ಆಮೇಲೆ ಏನಾದರೂ ಸರಿಮಾಡಬೇಕೆಂದರೆ ಟೈಲ್ಸ್ ಒಡೆಯಲೇಬೇಕು. ಆದ್ದರಿಂದ ಗೋಡೆ ಮುಚ್ಚುವ ಮೊದಲೇ ಈ ಪದಗಳು ಬಾಯಿಗೆ ಬಂದಿರಬೇಕು.

ಪದಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಯಾವ ಪೈಪು ಕಂಡರೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ನೀರು ತರುವ ಪೈಪಾ, ಒಯ್ಯುವ ಪೈಪಾ? ನೀರು ತರುವ ಪೈಪು ಯಾವಾಗಲೂ ತುಂಬಿರುತ್ತದೆ, ಒಳಗೆ ಒತ್ತಡ ಇರುತ್ತದೆ, ಮೇಲಕ್ಕೂ ಹೋಗಬಹುದು, ಅಡ್ಡಕ್ಕೂ ಹೋಗಬಹುದು. ಒಯ್ಯುವ ಪೈಪು ಇಳಿಜಾರನ್ನೇ ನಂಬಿಕೊಂಡಿರುತ್ತದೆ. ಅದು ಪೂರ್ತಿ ತುಂಬಬಾರದು, ಅದರೊಳಗೆ ಗಾಳಿಗೂ ಜಾಗ ಬೇಕು. ವಾಲ್ವು, ಕಾಕು, ಯೂನಿಯನ್ನು ಮೊದಲ ಕಡೆಯ ಪದಗಳು. ಟ್ರ್ಯಾಪು, ವೆಂಟು, ಚೇಂಬರು ಎರಡನೇ ಕಡೆಯವು.

ನೀರು ತರುವ ಕಡೆ

ಹೊರಗಿನಿಂದ ಕಟ್ಟಡಕ್ಕೆ ಬರುವ ಪೈಪು ಸರ್ವಿಸ್ ಪೈಪು. ಅದು ಮೀಟರ್ ದಾಟಿ ಸಂಪಿಗೆ, ಅಂದರೆ ನೆಲದೊಳಗಿನ ತೊಟ್ಟಿಗೆ ಬೀಳುತ್ತದೆ. ಅಲ್ಲಿಂದ ಪಂಪು ನೀರನ್ನು ಮೇಲಿನ ಟ್ಯಾಂಕಿಗೆ ತಳ್ಳುವ ಪೈಪೇ ರೈಸಿಂಗ್ ಮೇನ್. ಟ್ಯಾಂಕಿನಿಂದ ಬಚ್ಚಲಿಗೆ, ಅಡುಗೆಮನೆಗೆ ಇಳಿದು ಬರುವುದು ಡೌನ್ ಟೇಕ್. ಅದರಿಂದ ಒಂದೊಂದು ಕೋಣೆಗೆ ಕವಲೊಡೆಯುವುದು ಬ್ರ್ಯಾಂಚ್ ಲೈನ್. ಸಂಪು, ಟ್ಯಾಂಕು ಇಲ್ಲದೆ ನೇರ ಒತ್ತಡದಲ್ಲೇ ನೀರು ಬರುವ ಕಟ್ಟಡಗಳೂ ಇವೆ. ಅಲ್ಲೂ ಮುಖ್ಯ ಪೈಪು, ಕವಲು ಅನ್ನುವ ಲೆಕ್ಕ ಇದೇ.

ಟ್ಯಾಂಕಿಗೆ ಕನಿಷ್ಠ ನಾಲ್ಕು ಬಾಯಿ ಇರಬೇಕು. ನೀರು ಬರುವ ಇನ್‌ಲೆಟ್, ಹೋಗುವ ಔಟ್‌ಲೆಟ್, ತುಂಬಿ ಹೆಚ್ಚಾದದ್ದು ಹೊರಗೆ ಬೀಳುವ ಓವರ್‌ಫ್ಲೋ, ತಳ ತೊಳೆದು ಖಾಲಿ ಮಾಡುವ ವಾಷ್‌ಔಟ್. ಔಟ್‌ಲೆಟ್ ತಳಕ್ಕಿಂತ ಸ್ವಲ್ಪ ಮೇಲಿರಬೇಕು, ಇಲ್ಲದಿದ್ದರೆ ತಳದ ಕೆಸರೆಲ್ಲ ನಲ್ಲಿಗೆ ಬರುತ್ತದೆ. ಓವರ್‌ಫ್ಲೋ ಪೈಪು ಇನ್‌ಲೆಟ್‌ಗಿಂತ ದಪ್ಪ ಇರಲಿ, ಬಾಯಿಗೆ ಸೊಳ್ಳೆ ಹೋಗದಂಥ ಜಾಲರಿ ಇರಲಿ, ನೀರು ಬಿದ್ದರೆ ಕಣ್ಣಿಗೆ ಕಾಣುವ ಕಡೆ ಬೀಳಲಿ. ವಾಷ್‌ಔಟ್ ಬಿಟ್ಟುಬಿಡುವವರು ಜಾಸ್ತಿ. ಆಮೇಲೆ ಟ್ಯಾಂಕು ತೊಳೆಯುವಾಗ ಬಕೆಟ್ಟಿನಲ್ಲಿ ಮೊಗೆದು ಚೆಲ್ಲುವ ಕಷ್ಟ.

ಇನ್ನು ಹೆಡ್. ನೀರಿನ ಮಟ್ಟ ನಲ್ಲಿಗಿಂತ ಎಷ್ಟು ಎತ್ತರದಲ್ಲಿದೆಯೋ ಅದೇ ಹೆಡ್. ಸುಮಾರು 10 ಮೀಟರ್ ಎತ್ತರಕ್ಕೆ 1 ಬಾರ್ ಒತ್ತಡ ಸಿಗುತ್ತದೆ. ಟ್ಯಾಂಕಿನ ನೀರು ಶವರಿಗಿಂತ 3 ಮೀಟರ್ ಮಾತ್ರ ಮೇಲಿದ್ದರೆ ನಿಮಗೆ ಸಿಗುವುದು ಸುಮಾರು 0.3 ಬಾರ್. ಮೇಲಿನ ಮಹಡಿಯಲ್ಲಿ ನೀರು ಸಣ್ಣಗೆ ಬರುವುದಕ್ಕೆ, ಕೆಳಗಿನ ಮಹಡಿಯಲ್ಲಿ ಜೋರಾಗಿ ಬರುವುದಕ್ಕೆ ಇದೇ ಕಾರಣ. ದೊಡ್ಡ ಟ್ಯಾಂಕು ಇಟ್ಟರೆ ಪ್ರೆಷರ್ ಜಾಸ್ತಿಯಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ನೀರಿನ ಮಟ್ಟ ಒಂದೇ ಇದ್ದರೆ 500 ಲೀಟರಿನ ಟ್ಯಾಂಕಿಗೂ 5000 ಲೀಟರಿನ ಟ್ಯಾಂಕಿಗೂ ಒತ್ತಡದಲ್ಲಿ ವ್ಯತ್ಯಾಸವೇ ಇಲ್ಲ. ಒಂದೋ ಟ್ಯಾಂಕನ್ನು ಎತ್ತರಿಸಬೇಕು, ಇಲ್ಲವೇ ಪ್ರೆಷರ್ ಪಂಪು ಹಾಕಬೇಕು. ಪೈಪಿನ ದಪ್ಪದ ಪಾತ್ರ ಬೇರೆ. ಸಣ್ಣ ಪೈಪಿನಲ್ಲಿ ನೀರು ಓಡುವಾಗ ಉಜ್ಜಾಟಕ್ಕೆ ಒತ್ತಡ ಕರಗುತ್ತದೆ, ಆಗ ಎರಡು ನಲ್ಲಿ ಒಟ್ಟಿಗೆ ತೆರೆದರೆ ಎರಡೂ ಸೊರಗುತ್ತವೆ. ಅದಕ್ಕೇ ಮುಖ್ಯ ಲೈನು ದಪ್ಪ, ನಲ್ಲಿಯ ಹತ್ತಿರದ ತುಂಡು ಮಾತ್ರ ಅರ್ಧ ಇಂಚು.

ವಾಲ್ವುಗಳಲ್ಲಿ ಗೊಂದಲ ಜಾಸ್ತಿ, ಹೆಸರುಗಳು ಒಂದಕ್ಕೊಂದು ಹತ್ತಿರ ಇರುವುದರಿಂದ. ಗೇಟ್ ವಾಲ್ವ್ ಅಂದರೆ ಚಕ್ರ ತಿರುಗಿಸಿ ತೆರೆಯುವಂಥದ್ದು. ಪೂರ್ತಿ ತೆರೆಯಿರಿ ಇಲ್ಲವೇ ಪೂರ್ತಿ ಮುಚ್ಚಿ, ಅರ್ಧಕ್ಕೆ ನಿಲ್ಲಿಸಿದರೆ ಒಳಗಿನ ಹಲಗೆ ಅದುರಿ ಸವೆಯುತ್ತದೆ. ಬಾಲ್ ವಾಲ್ವ್‌ಗೆ ಒಂದು ಹಿಡಿ ಇರುತ್ತದೆ, ಕಾಲು ಸುತ್ತು ತಿರುಗಿಸಿದರೆ ಸಾಕು. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ. ದೂರದಿಂದ ನೋಡಿದರೂ ಗೊತ್ತಾಗುತ್ತದೆ, ನನಗೆ ಇದರ ಮೇಲೆ ಒಲವು ಅದಕ್ಕೇ. ಬಾಲ್ ಕಾಕ್ ಅನ್ನುವುದು ಬೇರೆಯೇ ವಸ್ತು. ಟ್ಯಾಂಕಿನೊಳಗೆ ತೇಲುವ ಗುಂಡಿನ ಜೊತೆ ಇರುತ್ತದೆ, ನೀರು ತುಂಬಿದಂತೆ ಗುಂಡು ಮೇಲೆದ್ದು ತಾನೇ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಫ್ಲೋಟ್ ವಾಲ್ವ್ ಅಂತಲೂ ಹೇಳುತ್ತಾರೆ. ಅಂಗಡಿಯಲ್ಲಿ ಬರೀ "ಬಾಲು" ಅಂದರೆ ಯಾವುದು ಕೈಗೆ ಬರುತ್ತದೋ ಹೇಳಲಾಗುವುದಿಲ್ಲ, ಪೂರ್ತಿ ಹೆಸರು ಹೇಳಿ.

ಎನ್‌ಆರ್‌ವಿ ಅಂದರೆ ನಾನ್ ರಿಟರ್ನ್ ವಾಲ್ವ್. ನೀರನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಅದರ ಮೈಮೇಲೆ ಬಾಣದ ಗುರುತು ಇರುತ್ತದೆ, ನೀರು ಹೋಗುವ ದಿಕ್ಕಿಗೆ ಬಾಣ ಇರಬೇಕು. ಪಂಪಿನ ನಂತರ ಇದು ಇಲ್ಲದಿದ್ದರೆ ಪಂಪು ನಿಂತ ಕೂಡಲೇ ರೈಸಿಂಗ್ ಮೇನ್‌ನಲ್ಲಿರುವ ನೀರೆಲ್ಲ ಹಿಂದಕ್ಕೆ ನುಗ್ಗುತ್ತದೆ. ಸಂಪಿನೊಳಗೆ ಇಳಿದ ಪೈಪಿನ ತುದಿಯಲ್ಲಿ ಜಾಲರಿ ಸಮೇತ ಇರುವುದು ಫುಟ್ ವಾಲ್ವ್, ಅದೂ ಇದೇ ಜಾತಿ. ಪಂಪು ಓಡುತ್ತಿದ್ದರೂ ನೀರು ಏರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ನಲ್ಲಿಗಳಿಗೂ ಹೆಸರಿದೆ. ಗೋಡೆಯಿಂದ ಹೊರಬಂದು ಕೆಳಮುಖ ಮಾಡಿದ್ದು ಬಿಬ್ ಕಾಕ್. ಬೇಸಿನ್ ಮೇಲೆ ನೆಟ್ಟಗೆ ನಿಂತದ್ದು ಪಿಲ್ಲರ್ ಕಾಕ್. ಬೇಸಿನ್ ಕೆಳಗೆ, ಕಮೋಡಿನ ಪಕ್ಕ ಇರುವ ಪುಟ್ಟ ವಾಲ್ವೇ ಆ್ಯಂಗಲ್ ಕಾಕ್. ಒಂದು ನಲ್ಲಿ ಕೆಟ್ಟರೆ ಇಡೀ ಮನೆಯ ನೀರು ನಿಲ್ಲಿಸದೆ ಅದೊಂದನ್ನೇ ಬಂದ್ ಮಾಡಲು ಇರುವುದು ಇದು. ಗೋಡೆಯೊಳಗೆ ಹುದುಗಿ ಹಿಡಿ ಮಾತ್ರ ಹೊರಗೆ ಕಾಣುವುದು ಸ್ಟಾಪ್ ಕಾಕ್. ಒಂದೊಂದು ಬಚ್ಚಲಿಗೂ ಒಂದೊಂದು ಇರಲಿ, ಇದರಲ್ಲಿ ಉಳಿತಾಯ ಮಾಡಬೇಡಿ.

ಜೋಡಣೆಯ ತುಂಡುಗಳನ್ನು ಒಟ್ಟಾಗಿ ಫಿಟಿಂಗ್ಸ್ ಅನ್ನುತ್ತಾರೆ. ಎಲ್ಬೋ ತಿರುವಿಗೆ, ಟೀ ಕವಲಿಗೆ, ಕಪ್ಲರ್ ಎರಡು ಪೈಪು ಸೇರಿಸಲು, ರಿಡ್ಯೂಸರ್ ದಪ್ಪದಿಂದ ಸಣ್ಣಕ್ಕೆ ಇಳಿಯಲು, ಎಂಡ್ ಕ್ಯಾಪ್ ತುದಿ ಮುಚ್ಚಲು. ಎಫ್‌ಟಿಎ ಅಂದರೆ ಒಂದು ಕಡೆ ಪೈಪು ಅಂಟಿಸಿ, ಇನ್ನೊಂದು ಕಡೆ ಒಳಗೆ ಥ್ರೆಡ್, ಅಂದರೆ ತಿರುಗಿಸಿ ಕೂರಿಸುವ ತಿರುಪಿನ ಸುತ್ತು ಇರುವ ತುಂಡು. ಎಂಟಿಎಗೆ ಥ್ರೆಡ್ ಹೊರಗಡೆ. ಲೋಹದ ನಲ್ಲಿ ತಿರುಗಿಸುವ ಕಡೆ ಹಿತ್ತಾಳೆಯ ಥ್ರೆಡ್ ಇರುವುದನ್ನೇ ಕೇಳಿ, ಬರೀ ಪ್ಲಾಸ್ಟಿಕ್ಕಿನದು ಬಿಗಿಮಾಡುವಾಗ ಸೀಳಿಬಿಡಬಹುದು. ಥ್ರೆಡ್‌ಗೆ ಸುತ್ತುವ ಬಿಳಿ ಪಟ್ಟಿ ಟೆಫ್ಲಾನ್ ಟೇಪ್.

ಇವುಗಳಲ್ಲಿ ಯೂನಿಯನ್ ಅನ್ನುವ ತುಂಡಿಗೆ ಸಿಗಬೇಕಾದ ಮರ್ಯಾದೆ ಸಿಗುತ್ತಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಟ್ಟು ಬಿಚ್ಚಿದರೆ ಪೈಪು ಎರಡಾಗುತ್ತದೆ, ಕತ್ತರಿಸಬೇಕಾಗಿಲ್ಲ. ಪಂಪು, ಗೀಸರ್, ಟ್ಯಾಂಕಿನ ಔಟ್‌ಲೆಟ್, ಇವುಗಳ ಹತ್ತಿರ ಯೂನಿಯನ್ ಇದ್ದರೆ ರಿಪೇರಿ ಸಲೀಸು. ಇಲ್ಲದಿದ್ದರೆ ಪ್ರತಿ ಸಲ ಪೈಪು ಕೊಯ್ದು ಅಂಟಿಸಬೇಕು.

ಪೈಪಿನ ಜಾತಿ ನೋಡುವುದಾದರೆ, ಯುಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪು ತಣ್ಣೀರಿಗೆ ಮಾತ್ರ. ಬಿಸಿನೀರಿಗೆ ಸಿಪಿವಿಸಿ, ಪಿಪಿಆರ್, ಪೆಕ್ಸ್ ಅನ್ನುವ ಪ್ಲಾಸ್ಟಿಕ್ ಪೈಪು ಅಥವಾ ತಾಮ್ರ. ಜಿಐ ಅಂದರೆ ಸತುವಿನ ಲೇಪ ಇರುವ ಕಬ್ಬಿಣ. ಗಟ್ಟಿ, ಆದರೆ ವರ್ಷ ಕಳೆದಂತೆ ಒಳಗೆ ತುಕ್ಕು ಕಟ್ಟಿ ದಾರಿ ಕಿರಿದಾಗುತ್ತದೆ. ಸಿಪಿವಿಸಿಗೂ ಯುಪಿವಿಸಿಗೂ ಅಂಟಿಸುವ ಸಾಲ್ವೆಂಟ್ ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಬಳಿಯಲು ಬಿಡಬೇಡಿ. ಪಿಪಿಆರ್‌ಗೆ ಅಂಟೇ ಇಲ್ಲ, ಯಂತ್ರದಲ್ಲಿ ಕಾಯಿಸಿ ಬೆಸೆಯುತ್ತಾರೆ. ಪೈಪಿನ ಮೇಲೆ ಎಸ್‌ಡಿಆರ್ 11, ಎಸ್‌ಡಿಆರ್ 13.5 ಅಂತ ಬರೆದಿದ್ದರೆ ಅದು ಹೊರಗಿನ ವ್ಯಾಸವನ್ನು ಪೈಪಿನ ಗೋಡೆಯ ದಪ್ಪದಿಂದ ಭಾಗಿಸಿದ ಲೆಕ್ಕ. ಅಂಕಿ ಚಿಕ್ಕದಾದಷ್ಟೂ ಆ ಗೋಡೆ ದಪ್ಪ, ತಡೆಯುವ ಒತ್ತಡ ಜಾಸ್ತಿ.

ಏರ್ ಗ್ಯಾಪ್ ಅನ್ನುವುದನ್ನೂ ಮರೆಯಬೇಡಿ. ನಲ್ಲಿಯ ಬಾಯಿ ಬೇಸಿನ್ನಿನ ಅಂಚಿಗಿಂತ ಮೇಲಿರಬೇಕು, ಕನಿಷ್ಠ ನಲ್ಲಿ ಬಾಯಿಯ ಅಗಲದ ಎರಡರಷ್ಟು. ಲೈನಿನಲ್ಲಿ ಒತ್ತಡ ಕುಸಿದಾಗ ಪೈಪು ನೀರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ನಲ್ಲಿಗೆ ಹಾಕಿದ ರಬ್ಬರ್ ಪೈಪು ಕೊಳೆ ನೀರಿನ ಬಕೆಟ್ಟಿನಲ್ಲಿ ಮುಳುಗಿದ್ದರೆ ಆ ನೀರೇ ಕುಡಿಯುವ ಲೈನಿಗೆ ಸೇರಬಹುದು.

ನೀರು ಒಯ್ಯುವ ಕಡೆ

ಗಮನ ಹೆಚ್ಚು ಬೇಕಾಗಿರುವುದು ಇಲ್ಲಿ. ನೀರು ತರುವ ಪೈಪಿನಲ್ಲಿ ತಪ್ಪಿದ್ದರೆ ಸೋರಿ ತಾನೇ ಹೇಳುತ್ತದೆ. ಡ್ರೈನೇಜಿನ ತಪ್ಪು ತಿಂಗಳುಗಟ್ಟಲೆ ಸುಮ್ನೆ ಇದ್ದು ಆಮೇಲೆ ವಾಸನೆಯಾಗಿ, ಕಟ್ಟಿಕೊಳ್ಳುವ ಪೈಪಾಗಿ ಕಾಡುತ್ತದೆ.

ಮೊದಲು ಎರಡು ಹೆಸರು. ಕಮೋಡಿನ ಮಲ ಮೂತ್ರ ಒಯ್ಯುವುದು ಸಾಯಿಲ್ ಪೈಪು, ಸಾಮಾನ್ಯವಾಗಿ 110 ಮಿ.ಮೀ., ಬಾಯಿಮಾತಿನಲ್ಲಿ ನಾಲ್ಕಿಂಚು. ಸ್ನಾನ, ಪಾತ್ರೆ, ಬಟ್ಟೆ ತೊಳೆದ ನೀರು ಒಯ್ಯುವುದು ವೇಸ್ಟ್ ಪೈಪು, ಅದು ಸಣ್ಣದು. ಎರಡನ್ನೂ ಬೇರೆ ಬೇರೆ ಇಳಿಸಿದರೆ ಟೂ ಪೈಪ್ ಸಿಸ್ಟಮ್, ಒಂದರಲ್ಲೇ ಇಳಿಸಿದರೆ ಸಿಂಗಲ್ ಸ್ಟ್ಯಾಕ್. ನೆಟ್ಟಗೆ ಇಳಿಯುವ ಪೈಪಿಗೆ ಸ್ಟ್ಯಾಕ್ ಅಂತ ಹೆಸರು. ಮಳೆನೀರಿನ ಪೈಪನ್ನು ಇವೆರಡಕ್ಕೂ ಸೇರಿಸಬೇಡಿ, ಜೋರು ಮಳೆಗೆ ಲೈನು ತುಂಬಿ ಕೆಳಗಿನ ಬಚ್ಚಲಲ್ಲಿ ಉಕ್ಕುತ್ತದೆ.

ಟ್ರ್ಯಾಪ್ ಅಂದರೆ ಪೈಪಿನಲ್ಲಿ ಬೇಕಂತಲೇ ಇಟ್ಟ ಬಾಗು. ಬಾಗಿನಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತದೆ. ಆ ನೀರೇ ಚರಂಡಿಯ ಗಾಳಿ, ವಾಸನೆ, ಹುಳ ಮನೆಯೊಳಗೆ ಬರದಂತೆ ತಡೆಯುತ್ತದೆ. ಅದಕ್ಕೆ ವಾಟರ್ ಸೀಲ್ ಅನ್ನುತ್ತಾರೆ, ಸಾಮಾನ್ಯವಾಗಿ 50 ಮಿ.ಮೀ. ಆಳ ಇರಬೇಕು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಇಂಗ್ಲಿಷಿನ ಎಸ್ ಆಕಾರದ ಬಾಗು ಇರುವ ಫ್ಲಶ್ ಕಕ್ಕಸಿಗೆ ಪೇಟೆಂಟ್ ಪಡೆದ. ವಾಸನೆ ತಡೆಯುವುದಕ್ಕೆ ಬರೀ ಒಂದು ಬಾಗು ಮತ್ತು ಅದರಲ್ಲಿ ನಿಂತ ನೀರು. ಇವತ್ತಿಗೂ ಅದಕ್ಕಿಂತ ಸರಳ ಉಪಾಯ ಬಂದಿಲ್ಲ.

ಪಿ ಟ್ರ್ಯಾಪ್ ಗೋಡೆಯ ಕಡೆಗೆ ಹೋಗುತ್ತದೆ, ಎಸ್ ಟ್ರ್ಯಾಪ್ ನೆಲದ ಕಡೆಗೆ. ಕಮೋಡು ಕೊಳ್ಳುವ ಮೊದಲು ನಿಮ್ಮಲ್ಲಿ ಯಾವುದಕ್ಕೆ ಪೈಪು ಬಿಟ್ಟಿದ್ದಾರೆ ಅಂತ ನೋಡಲೇಬೇಕು. ಎಸ್ ಟ್ರ್ಯಾಪ್ ಆದರೆ ಗೋಡೆಯಿಂದ ಪೈಪಿನ ನಡುಮಧ್ಯದವರೆಗಿನ ದೂರವನ್ನೂ ಅಳೆಯಿರಿ, ಟೈಲ್ಸ್ ಹಾಕಿದ ಮೇಲಿನ ಗೋಡೆಯಿಂದ ಲೆಕ್ಕ ಹಿಡಿಯಿರಿ. ಬೇಸಿನ್ ಕೆಳಗೆ ಹೊಳೆಯುವ ಬಟ್ಟಲಿನಂತೆ ಕಾಣುವುದು ಬಾಟಲ್ ಟ್ರ್ಯಾಪ್. ಬಚ್ಚಲ ನೆಲದಲ್ಲಿ ಜಾಲರಿಯ ಕೆಳಗಿರುವುದು ಫ್ಲೋರ್ ಟ್ರ್ಯಾಪ್, ಇದೇ ನಹಾನಿ ಟ್ರ್ಯಾಪ್. ಮನೆಯ ಹೊರಗೆ, ವೇಸ್ಟ್ ಪೈಪು ಚೇಂಬರಿಗೆ, ಅಂದರೆ ಲೈನು ತೆರೆದು ನೋಡಲು ನೆಲದಲ್ಲಿ ಕಟ್ಟಿದ ಮುಚ್ಚಳದ ಗುಂಡಿಗೆ ಸೇರುವ ಮುಂಚೆ ಕೂರುವುದು ಗಲ್ಲಿ ಟ್ರ್ಯಾಪ್.

ಬಳಸದ ಬಚ್ಚಲು ನಾರುತ್ತಿದೆಯೇ? ಟ್ರ್ಯಾಪಿನ ನೀರು ಆರಿರುತ್ತದೆ. ಒಂದು ಚೊಂಬು ನೀರು ಹಾಕಿ ನೋಡಿ, ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ. ಬಳಸುತ್ತಿದ್ದರೂ ನಾರಿದರೆ ವೆಂಟ್ ಪೈಪಿನ ಕಡೆ ನೋಡಬೇಕು. ಎಣ್ಣೆ ಡಬ್ಬಿಗೆ ಒಂದೇ ತೂತು ಮಾಡಿ ಬಗ್ಗಿಸಿದರೆ ಗುಳುಗುಳು ಅಂತ ತಡೆದು ತಡೆದು ಸುರಿಯುತ್ತದೆ, ಇನ್ನೊಂದು ತೂತು ಮಾಡಿದರೆ ಸರಾಗ. ವೆಂಟ್ ಆ ಎರಡನೇ ತೂತು. ಸ್ಟ್ಯಾಕಿನಲ್ಲಿ ನೀರು ಧುಮುಕುವಾಗ ಹಿಂದಿನಿಂದ ಗಾಳಿ ಸಿಗದಿದ್ದರೆ ಅದು ಹತ್ತಿರದ ಟ್ರ್ಯಾಪಿನ ನೀರನ್ನೇ ಎಳೆದುಕೊಂಡು ಹೋಗುತ್ತದೆ. ಹೀಗೆ ಎಳೆಯುವುದಕ್ಕೆ ಸೈಫನ್ ಅನ್ನುತ್ತಾರೆ. ಫ್ಲಶ್ ಮಾಡಿದಾಗ ಪಕ್ಕದ ಬೇಸಿನ್ ಗುಳುಗುಳು ಅಂದರೆ ಇದೇ ಸೂಚನೆ. ವೆಂಟ್ ಪೈಪು ತಾರಸಿಗಿಂತ ಮೇಲಕ್ಕೆ ಹೋಗಿ, ಕಿಟಕಿಗಳಿಂದ ದೂರ, ಬಾಯಿಗೆ ಜಾಲರಿ ಇರುವ ಟೋಪಿ, ಅಂದರೆ ಕೌಲ್ ಹಾಕಿಸಿಕೊಂಡು ನಿಲ್ಲಬೇಕು. ಅದರ ಬಾಯಿಯನ್ನು "ಚೆನ್ನಾಗಿ ಕಾಣಲ್ಲ" ಅಂತ ಮುಚ್ಚುವುದು ಇಡೀ ಮನೆಗೆ ತೊಂದರೆ.

ಇಳಿಜಾರಿಗೆ ಸ್ಲೋಪ್ ಅಂತಲೇ ಹೇಳುತ್ತಾರೆ. 1:40 ಅಂದರೆ 40 ಅಡಿ ಹೋದಾಗ 1 ಅಡಿ ಇಳಿತ, ಮೀಟರಿಗೆ 25 ಮಿ.ಮೀ. ಸಣ್ಣ ಪೈಪಿಗೆ ಇಳಿಜಾರು ಜಾಸ್ತಿ ಬೇಕು, ದಪ್ಪ ಪೈಪಿಗೆ ಕಮ್ಮಿ ಸಾಕು. 3 ಮೀಟರ್ ದೂರದ ಪೈಪಿಗೆ 1:40ರಂತೆ 75 ಮಿ.ಮೀ. ಇಳಿತ ಬೇಕಾಗುತ್ತದೆ. ಆ ಜಾಗ ನೆಲದೊಳಗೆ ಎಲ್ಲಿಂದ ಬರಬೇಕು? ಬಚ್ಚಲಿನ ಸ್ಲ್ಯಾಬನ್ನು ತಗ್ಗಿಸಿ ಹಾಕುವುದು ಇದಕ್ಕೇ, ಅದೇ ಸಂಕನ್ ಸ್ಲ್ಯಾಬ್. ಕಾಂಕ್ರೀಟ್ ಹಾಕುವ ಮೊದಲೇ ಈ ಲೆಕ್ಕ ಆಗಿರಬೇಕು. ಇನ್ವರ್ಟ್ ಲೆವೆಲ್ ಅಂದರೆ ಪೈಪಿನ ಒಳಗಿನ ತಳದ ಮಟ್ಟ. ನಿಮ್ಮ ಕೊನೆಯ ಚೇಂಬರಿನ ಇನ್ವರ್ಟ್ ಹೊರಗಿನ ಚರಂಡಿ ಪೈಪಿನದಕ್ಕಿಂತ ಮೇಲಿರಬೇಕು, ಅದನ್ನು ಪಾಯ ತೋಡುವ ಕಾಲದಲ್ಲೇ ಅಳೆಸಿ.

ಡ್ರೈನೇಜಿನಲ್ಲಿ ಚೂಪು ತಿರುವು ಬೇಡ. ಒಂದು 90 ಡಿಗ್ರಿ ಎಲ್ಬೋ ಬದಲು ಎರಡು 45 ಡಿಗ್ರಿ ಬೆಂಡು ಹಾಕಿಸಿ, ಅಡ್ಡ ಮಲಗಿದ ಲೈನಿಗೆ ಕವಲು ಸೇರುವ ಕಡೆ ನೇರ ಟೀ ಬದಲು ಇಂಗ್ಲಿಷಿನ ವೈ ಆಕಾರದ ತುಂಡು ಹಾಕಿಸಿ. ಮುಚ್ಚಳ ಇರುವ ಬೆಂಡಿಗೆ ಡೋರ್ ಬೆಂಡ್ ಅನ್ನುತ್ತಾರೆ, ಕಟ್ಟಿಕೊಂಡಾಗ ಬಿಚ್ಚಿ ತಂತಿ ತೂರಿಸಬಹುದು. ಅದರ ಮುಚ್ಚಳ ಕೈಗೆಟುಕುವ ಕಡೆಗೇ ಮುಖ ಮಾಡಿರಬೇಕು. ಮನೆಯ ಹೊರಗೆ ನೆಲದೊಳಗಿನ ಲೈನು ತಿರುಗುವ, ಸೇರುವ ಪ್ರತಿ ಕಡೆ ಇನ್‌ಸ್ಪೆಕ್ಷನ್ ಚೇಂಬರ್ ಇರಲಿ. ಹೊರಗೆ ಚರಂಡಿ ಲೈನು ಇಲ್ಲದ ಕಡೆ ಇದೆಲ್ಲ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತದೆ, ಅದರಿಂದ ತುಂಬಿ ಹೊರಬರುವ ನೀರು ಇಂಗುಗುಂಡಿಗೆ.

ಮುಚ್ಚುವ ಮೊದಲು

ನೀರು ತರುವ ಲೈನಿಗೆ ಪ್ರೆಷರ್ ಟೆಸ್ಟ್ ಮಾಡಿಸಿ. ಎಲ್ಲಾ ಬಾಯಿಗೂ ಪ್ಲಗ್ ಹಾಕಿ, ಗಾಳಿ ಹೊರಬಿಟ್ಟು, ಕೈಪಂಪಿನಿಂದ ದಿನನಿತ್ಯದ ಒತ್ತಡದ ಒಂದೂವರೆ ಪಟ್ಟು ಏರಿಸಿ, ಗೇಜಿನ ಮುಳ್ಳು ಇಳಿಯುತ್ತದಾ ಅಂತ ಕೆಲವು ಗಂಟೆ ನೋಡಬೇಕು. ಅಂಟು ಪೂರ್ತಿ ಒಣಗಿದ ಮೇಲೇ ಮಾಡಬೇಕು. ಡ್ರೈನೇಜಿಗೆ ಇಷ್ಟು ಒತ್ತಡ ಬೇಡ, ಕೆಳಗಿನ ತುದಿ ಮುಚ್ಚಿ ನೀರು ತುಂಬಿಸಿ ಮಟ್ಟ ಇಳಿಯುತ್ತದಾ ನೋಡಿದರೆ ಸಾಕು.

ಟೆಸ್ಟ್ ಪಾಸಾದ ದಿನವೇ ಪ್ರತಿ ಗೋಡೆಯ, ಪ್ರತಿ ಬಚ್ಚಲ ನೆಲದ ಫೋಟೋ ತೆಗೆಯಿರಿ. ಅಳತೆ ಟೇಪನ್ನು ಒಂದು ಮೂಲೆಯಿಂದ ಹಿಡಿದು ಫೋಟೋದಲ್ಲಿ ಕಾಣುವಂತೆ ಇಟ್ಟುಕೊಳ್ಳಿ, ಮುಂದೆ ಕನ್ನಡಿ ಹಾಕಲು ಡ್ರಿಲ್ ಮಾಡುವಾಗ ಪೈಪು ಎಲ್ಲಿದೆ ಅಂತ ಊಹಿಸಬೇಕಾಗುವುದಿಲ್ಲ. ಟ್ಯಾಂಕಿನ ಹತ್ತಿರದ ಒಂದೊಂದು ವಾಲ್ವಿಗೂ ಅದು ಯಾವ ಲೈನಿನದು ಅಂತ ಅಳಿಸದ ಬಣ್ಣದಲ್ಲಿ ಬರೆಸಿ. ಮನೆಯವರೆಲ್ಲರಿಗೂ, ಮಕ್ಕಳಿಗೂ, ಪೈಪು ಒಡೆದರೆ ಯಾವ ವಾಲ್ವ್ ಮುಚ್ಚಬೇಕು ಅಂತ ಒಮ್ಮೆ ಕೈಯಿಂದಲೇ ತಿರುಗಿಸಿ ತೋರಿಸಿಬಿಡಿ.