ಛತ್ರದೊಳಗೆ ಬಾರ್‌ಬೆಲ್ ಪಂದ್ಯ: ನೋಡುವವರಿಗಾಗಿ ಆಟ ಬದಲಿಸಿದ ನನ್ನ ಅನುಭವ

"ಸಾರ್, ನನ್ನ ಮಗಳು ಗೆದ್ದಳಾ, ಸೋತಳಾ?"

ನಾನು ನಡೆಸಿದ ಮೊದಲ ಪಂದ್ಯ ಮುಗಿದಾಗ ಒಬ್ಬ ತಾಯಿ ಹೀಗೆ ಕೇಳಿದರು. ಮೂರು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಗಳ ಮೇಲಿಂದ ಕಣ್ಣು ತೆಗೆದಿರಲಿಲ್ಲ. ಮಗಳು ಎರಡನೇ ಸ್ಥಾನಕ್ಕೆ ಬಂದಿದ್ದಳು. ನನಗೂ ಅದು ಗೊತ್ತಾಗಿದ್ದು ಲ್ಯಾಪ್‌ಟಾಪ್‌ನಲ್ಲಿ ಅಂಕ ಕೂಡಿಸಿದ ಮೇಲೇ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬನಶಂಕರಿ ಕಡೆ ನನ್ನದೊಂದು ಸಣ್ಣ ಜಿಮ್ ಇದೆ. ಬಾರ್‌ಬೆಲ್ ಎತ್ತು, ಪುಲ್‌ಅಪ್ ಹೊಡಿ, ಪೆಟ್ಟಿಗೆ ಮೇಲೆ ಹಾರು, ಹಗ್ಗ ಹತ್ತು, ಇದೆಲ್ಲವನ್ನೂ ಗಡಿಯಾರ ಇಟ್ಟುಕೊಂಡು ಮಾಡು. ಫಂಕ್ಷನಲ್ ಫಿಟ್‌ನೆಸ್ ಅಂದರೆ ಇಷ್ಟೇ. ಆ ಮೊದಲ ಪಂದ್ಯದಲ್ಲಿ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ 21, 15, 9 ಲೆಕ್ಕದಲ್ಲಿ ಥ್ರಸ್ಟರ್ ಮತ್ತು ಪುಲ್‌ಅಪ್ ಮಾಡಿಸಿದ್ದೆ. ಥ್ರಸ್ಟರ್ ಅಂದರೆ ಬಾರ್‌ಬೆಲ್ ಹೆಗಲ ಮೇಲಿಟ್ಟು ಕುಕ್ಕರುಗಾಲಲ್ಲಿ ಕೂತು, ಎದ್ದು, ತಲೆ ಮೇಲಕ್ಕೆ ಎತ್ತುವುದು. ಎರಡನ್ನೂ ಮೊದಲು 21 ಸಲ, ಆಮೇಲೆ 15, ಕೊನೆಗೆ 9. ಒಂದು ಸಲ ಮಾಡಿದರೆ ಒಂದು ರೆಪ್. ಮಾಡುವವರಿಗೆ ಅದು ಜೀವ ಹೋಗುವಷ್ಟು ಕಷ್ಟ. ನೋಡುವವರಿಗೆ ಮಾತ್ರ ಹತ್ತು ಜನ ನಿಂತಲ್ಲೇ ಏದುಸಿರು ಬಿಡುತ್ತಿದ್ದಾರೆ, ಅಷ್ಟೇ. ಯಾರದ್ದು ಹದಿನೆಂಟನೇ ರೆಪ್, ಯಾರದ್ದು ಹನ್ನೊಂದನೆಯದು ಅಂತ ಹೇಗೆ ಗೊತ್ತಾಗಬೇಕು?

ಈ ತೊಂದರೆ ನಮ್ಮದೊಂದೇ ಅಲ್ಲ. ಇದೇ ಬಗೆಯ ಆಟದ ದೊಡ್ಡ ಪಂದ್ಯವಾದ ಕ್ರಾಸ್‌ಫಿಟ್ ಗೇಮ್ಸ್ 2007ರಲ್ಲಿ ಕ್ಯಾಲಿಫೋರ್ನಿಯಾದ ಆರೋಮಾಸ್ ಅನ್ನುವ ಊರಿನ ಒಂದು ರ‍್ಯಾಂಚ್‌ನಲ್ಲಿ ಶುರುವಾಯಿತು. 2010ಕ್ಕೆ ಲಾಸ್ ಏಂಜಲೀಸ್ ಹತ್ತಿರದ ಕಾರ್ಸನ್‌ನ ಕ್ರೀಡಾಂಗಣ ಸೇರಿತು. 2011ರಲ್ಲಿ ಗೆದ್ದವರ ಬಹುಮಾನ ಎರಡೂವರೆ ಲಕ್ಷ ಡಾಲರ್. ಅಷ್ಟು ಬೆಳೆದರೂ, ನನಗನ್ನಿಸುವ ಮಟ್ಟಿಗೆ, ಅದನ್ನು ಮನಸಿಟ್ಟು ನೋಡುವವರು ಹೆಚ್ಚಾಗಿ ತಾವೂ ಅದನ್ನು ಮಾಡುವವರೇ. ನೋಡುವವರನ್ನೇ ಮನಸ್ಸಲ್ಲಿಟ್ಟು ಅಮೆರಿಕದಲ್ಲಿ 2014ರಲ್ಲಿ ಗ್ರಿಡ್ ಲೀಗ್ ಅಂತ ಒಂದು ಹುಟ್ಟಿತು. ಎದುರುಬದುರು ಎರಡೇ ತಂಡ. ಗಂಡಸರು, ಹೆಂಗಸರು ಒಟ್ಟಿಗೆ. ಆಟದ ನಡುವೆ ಆಟಗಾರರನ್ನು ಬದಲಾಯಿಸಬಹುದು. ಅದು ಜಾಸ್ತಿ ವರ್ಷ ಬಾಳಲಿಲ್ಲ, ಆದರೆ ನನಗೆ ಅದರಲ್ಲಿ ಬೇಕಾದ್ದು ಬೇಕಾದಷ್ಟು ಸಿಕ್ಕಿತು. ಅದೇ 2014ರಲ್ಲಿ ನಮ್ಮಲ್ಲಿ ಪ್ರೊ ಕಬಡ್ಡಿ ಶುರುವಾಗಿದ್ದು. ಮಣ್ಣಿನ ಆಟ ಮ್ಯಾಟ್ ಮೇಲೆ ಬಂತು, 30 ಸೆಕೆಂಡಿನ ರೈಡ್ ಟಿವಿಯಲ್ಲಿ ಕಂಡಿತು, ಮನೆಮಂದಿಯೆಲ್ಲ ಕೂತು ನೋಡಿದರು.

ಆದರೆ ನಿಜವಾದ ಉತ್ತರ ನನಗೆ ಹೊಳೆದದ್ದು ನಮ್ಮೂರ ಜಾತ್ರೆಯನ್ನು ನೆನೆಸಿಕೊಂಡಾಗ. ನಾನು ಬಾಗಲಕೋಟೆ ಕಡೆಯವನು. ಅಲ್ಲಿ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಲು ಜನ ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಅವರಿಗೆ ಯಾರೂ ನಿಯಮ ಹೇಳಿಕೊಡಬೇಕಿಲ್ಲ. ಕಲ್ಲು ಮೇಲೆದ್ದಿತಾ, ಇಲ್ಲವಾ? ಅಷ್ಟು ಕಂಡರೆ ಸಾಕು. ನಮ್ಮ ಆಟದಲ್ಲೂ ಯಾರು ಮುಂದಿದ್ದಾರೆ ಅನ್ನುವುದು ಹಾಗೆ ಕಣ್ಣಿಗೇ ಕಾಣಬೇಕು. ನಾನು ಆಮೇಲೆ ಮಾಡಿದ್ದೆಲ್ಲ ಇದಕ್ಕಾಗಿಯೇ. ಎರಡನೇ ಪಂದ್ಯಕ್ಕೆ ಗ್ರಿಡ್ ಹಾಗೆ ಎರಡೇ ತಂಡ ಇಟ್ಟೆ.

ಮೊದಲು, ನಿಂತಲ್ಲೇ ಮಾಡುವುದನ್ನು ತೆಗೆದೆ. ನೆಲಕ್ಕೆ ಟೇಪ್ ಅಂಟಿಸಿ ಅಡ್ಡಡ್ಡ ನಾಲ್ಕು ಗೆರೆ ಹಾಕಿದೆ. ಒಂದು ಸುತ್ತು ಮುಗಿದರೆ ಬಾರ್‌ಬೆಲ್ ಸಮೇತ ಮುಂದಿನ ಗೆರೆಗೆ ಹೋಗಬೇಕು. ಕೊನೆಯ ಗೆರೆ ಪ್ರೇಕ್ಷಕರ ಕಾಲಬುಡದಲ್ಲೇ. ಆಟಗಾರ ಹತ್ತಿರ ಬಂದಷ್ಟೂ ಗೆಲುವು ಹತ್ತಿರ. ಇದೊಂದು ಬದಲಾವಣೆಯಿಂದ ಜನ ಕುರ್ಚಿಯಿಂದ ಎದ್ದು ನಿಂತರು.

ತೂಕ ಕೂಡ ಕಾಣಬೇಕಿತ್ತು. ಅದಕ್ಕೆ ದಾರಿ ಬಣ್ಣದಲ್ಲೇ ಇತ್ತು. ವೇಟ್‌ಲಿಫ್ಟಿಂಗ್ ಪ್ಲೇಟ್‌ಗಳಲ್ಲಿ ಹಳದಿ ಅಂದರೆ 15 ಕೆಜಿ, ನೀಲಿ 20, ಕೆಂಪು 25. ಹೆಂಗಸರ ಬಾರ್‌ಬೆಲ್ 15 ಕೆಜಿ. ಎರಡು ಕಡೆ ಹಳದಿ ಹಾಕಿದರೆ 45, ನೀಲಿ ಹಾಕಿದರೆ 55, ಕೆಂಪು ಹಾಕಿದರೆ 65. ಈ ಮೂರು ಬಾರ್‌ಬೆಲ್‌ಗಳನ್ನು ಏಣಿಯ ಮೆಟ್ಟಿಲಿನ ಹಾಗೆ ಒಂದರ ಹಿಂದೆ ಒಂದು ಇಟ್ಟೆ. ನೆಲದಿಂದ ಹೆಗಲಿಗೆ ಎತ್ತಬೇಕು, ಮುಂದಿನದಕ್ಕೆ ಹೋಗಬೇಕು. ಎರಡನೇ ಜೋಡಿ ಆಟಗಾರ್ತಿಯರು ಬರುವಷ್ಟರಲ್ಲಿ ಸಣ್ಣ ಮಕ್ಕಳೇ "ಕೆಂಪು, ಕೆಂಪು!" ಅಂತ ಕೂಗುತ್ತಿದ್ದರು.

ಇನ್ನು ನೋ ರೆಪ್. ಸ್ಕ್ವಾಟ್‌ನಲ್ಲಿ ಸೊಂಟ ಮಂಡಿಗಿಂತ ಕೆಳಗೆ ಇಳಿಯದಿದ್ದರೆ, ಗೋಡೆಗೆ ಎಸೆಯುವ ಭಾರದ ಚೆಂಡು, ಅಂದರೆ ವಾಲ್ ಬಾಲ್, ಹತ್ತು ಅಡಿಯ ಗುರುತು ಮುಟ್ಟದಿದ್ದರೆ ಆ ರೆಪ್ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಜಡ್ಜ್ ಇದನ್ನು ಆಟಗಾರನ ಕಿವಿಯಲ್ಲಿ ಹೇಳುತ್ತಿದ್ದ. ಪ್ರೇಕ್ಷಕರಿಗೆ ಏನಾಯಿತು ಅಂತಲೇ ತಿಳಿಯುತ್ತಿರಲಿಲ್ಲ. ನಾನು ಗಣೇಶನ ಹಬ್ಬದ ಕಬಡ್ಡಿ ಟೂರ್ನಮೆಂಟ್‌ಗಳಲ್ಲಿ ಮೈಕ್ ಹಿಡಿಯುವ ಒಬ್ಬರನ್ನು ಕರೆಸಿದೆ. ಅವರಿಗೆ ನಮ್ಮ ಆಟದ ಗಂಧಗಾಳಿ ಇರಲಿಲ್ಲ. "ಅಣ್ಣಾ, ಈ ನೋ ರೆಪ್ ಅಂದ್ರೆ ಏನು?" ಅಂತ ಕೇಳಿದರು. ಹೇಳಿದೆ. ಪಂದ್ಯದಲ್ಲಿ ಜಡ್ಜ್ ಮೊದಲ ಸಲ ಕೈ ಅಡ್ಡ ಹಿಡಿದಾಗ ಅವರು ಮೈಕ್‌ನಲ್ಲಿ "ಆಟಕ್ಕುಂಟೂ..." ಅಂತ ಎಳೆದರು. ಇಡೀ ಹಾಲ್ "ಲೆಕ್ಕಕ್ಕಿಲ್ಲ!" ಅಂದಿತು. ಅಲ್ಲಿಂದ ಮುಂದೆ ಪ್ರತಿ ನೋ ರೆಪ್‌ಗೂ ಅದೇ. ನನ್ನ ತಲೆಗೆ ಇದು ಯಾವತ್ತೂ ಹೊಳೆಯುತ್ತಿರಲಿಲ್ಲ. ಕನ್ನಡದಲ್ಲಿ ಕಾಮೆಂಟರಿ ಇಲ್ಲದೆ ಬೆಂಗಳೂರಿನಲ್ಲಿ ಈ ಆಟ ಬೇರು ಬಿಡುವುದಿಲ್ಲ ಅನ್ನುವುದು ನನಗೆ ಅವತ್ತೇ ಖಾತ್ರಿಯಾಯಿತು.

ಗ್ರಿಡ್‌ನಿಂದಲೇ ತೆಗೆದುಕೊಂಡ ಇನ್ನೊಂದು ನಿಯಮ: ತಂಡದಲ್ಲಿ ನಲವತ್ತು ದಾಟಿದ ಒಬ್ಬ ಗಂಡಸು, ಒಬ್ಬ ಹೆಂಗಸು ಇರಲೇಬೇಕು. ಕೆಲವು ಹುಡುಗರು ಗೊಣಗಿದರು, ತಂಡದ ವೇಗ ಕಮ್ಮಿಯಾಗುತ್ತೆ ಅಂತ. ಆದರೆ ನಮ್ಮ ಒಂದು ತಂಡದಲ್ಲಿದ್ದ 44 ವರ್ಷದ ಅಕ್ಕನನ್ನು ನೋಡಲು ಅವರ ಬೀದಿಯವರು ಮೂವತ್ತು ಜನ ಬಂದರು. ಆ ಅಕ್ಕ ನೀಲಿ ಬಾರ್‌ಬೆಲ್ ಮುಂದೆ ಎರಡು ಸಲ ಸೋತು, ಕೈಗೆ ಸೀಮೆಸುಣ್ಣದ ಪುಡಿ ಉಜ್ಜಿಕೊಂಡು, ಮೂರನೇ ಸಲ ಎತ್ತಿದರು. ಇಪ್ಪತ್ತರ ಹುಡುಗರು 100 ಕೆಜಿ ಎತ್ತಿದಾಗಲೂ ಅಷ್ಟು ಶಿಳ್ಳೆ ಬಿದ್ದಿರಲಿಲ್ಲ.

ಜಾಗ ಹುಡುಕುವುದಕ್ಕೇ ಎರಡು ತಿಂಗಳು ಹಿಡಿಯಿತು. ಒಳಾಂಗಣ ಕ್ರೀಡಾಂಗಣದ ಬಾಡಿಗೆ ಕೈಗೆಟುಕಲಿಲ್ಲ. ಕೊನೆಗೆ ಹೊಳೆದದ್ದು ಆಷಾಢ. ಮದುವೆಗಳಿಲ್ಲದ ತಿಂಗಳು, ಛತ್ರಗಳು ಖಾಲಿ. ಅರ್ಧ ಬಾಡಿಗೆಗೆ ಹಾಲ್ ಸಿಕ್ಕಿತು. ಕುರ್ಚಿ, ಬಾಲ್ಕನಿ, ಕೈತೊಳೆಯುವ ಜಾಗ, ಆಟಗಾರರು ಬಟ್ಟೆ ಬದಲಾಯಿಸಲು ಹೆಣ್ಣಿನ ಕಡೆಯವರ ರೂಮು, ಗಂಡಿನ ಕಡೆಯವರ ರೂಮು, ಎಲ್ಲ ಸಿದ್ಧವಾಗಿಯೇ ಇದ್ದವು. ಕಷ್ಟ ಅಂದರೆ ಗ್ರಾನೈಟ್ ನೆಲ. ಎರಡು ಪದರ ಪ್ಲೈವುಡ್, ಅದರ ಮೇಲೆ ರಬ್ಬರ್ ಮ್ಯಾಟ್ ಹಾಸಿದೆವು. ಆದರೂ ಒಂದು ಮೂಲೆಯ ಕಲ್ಲು ಬಿರುಕು ಬಿಟ್ಟಿತು. ದುಡ್ಡು ಕಟ್ಟಿಕೊಟ್ಟೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಹಾಕುವಂತಿಲ್ಲ, ಹಾಗಾಗಿ ಸಂಜೆ ಆರಕ್ಕೆ ಶುರುಮಾಡಿ ಎಂಟಕ್ಕೆ ಮುಗಿಸಿದೆವು.

ಹಾಂ, ಕೂತಲ್ಲೇ ದೋಣಿಗೆ ಹುಟ್ಟು ಹಾಕಿದ ಹಾಗೆ ಎಳೆಯುವ ರೋಯಿಂಗ್ ಮೆಷಿನ್ ಕೈಬಿಟ್ಟೆ. ನನಗೆ ತುಂಬಾ ಇಷ್ಟದ್ದು, ಆದರೆ ಎರಡು ಕಿಲೋಮೀಟರ್ ರೋಯಿಂಗ್ ನೋಡುವುದು ಯಾರಿಗೂ ಬೇಡ. ಕೈ ಮೇಲೆ ನಡೆಯುವುದನ್ನು ಸೇರಿಸಿದೆ. ಬಿದ್ದರೂ ಕಾಣುತ್ತೆ, ನಡೆದರೂ ಕಾಣುತ್ತೆ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಕೋಚ್‌ಗಳು. ಬೆಳಗ್ಗೆ ಐದೂವರೆಗೆ ಮೊದಲ ಪಿಟಿ, ಅಂದರೆ ಒಬ್ಬರಿಗೇ ಹೇಳಿಕೊಡುವ ಪರ್ಸನಲ್ ಟ್ರೈನಿಂಗ್, ಆಮೇಲೆ ಒಬ್ಬರಾದ ಮೇಲೆ ಒಬ್ಬರು. ತಮ್ಮ ಸ್ವಂತ ಅಭ್ಯಾಸಕ್ಕೆ ಮಧ್ಯಾಹ್ನದ ಹೊತ್ತಲ್ಲಿ ಮೈಯಲ್ಲಿ ಉಳಿದ ಶಕ್ತಿ. ಇಂಥವರ ಹತ್ತಿರ ಎಂಟ್ರಿ ಫೀ ಇಸ್ಕೊಂಡು ಆಡಿಸುವುದು ನಮ್ಮಲ್ಲಿ ವಾಡಿಕೆ. ನಾನೂ ಮೊದಲ ಸಲ ಇಸ್ಕೊಂಡಿದ್ದೆ. ಕಬಡ್ಡಿಯಲ್ಲಿ ರೈಡರ್ ದುಡ್ಡು ಕೊಟ್ಟು ಅಂಕಣಕ್ಕೆ ಇಳಿಯುತ್ತಾನಾ? ಎರಡನೇ ಪಂದ್ಯದಿಂದ ಅದನ್ನು ತಿರುಗಿಸಿದೆ. ಎರಡು ತಂಡ, ಹದಿನಾರು ಆಟಗಾರರು, ತಲಾ ಮೂರು ಸಾವಿರ. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಒಟ್ಟು 48,000. ಟಿಕೆಟ್ 150 ರೂಪಾಯಿಯಂತೆ 310 ಹೋದವು, 46,500 ಬಂತು. ಅಂದರೆ ಮ್ಯಾಚ್ ಫೀಗೂ ಟಿಕೆಟ್ ದುಡ್ಡು ಸಾಲಲಿಲ್ಲ. ಒಬ್ಬ ದೊಡ್ಡ ಪ್ರಾಯೋಜಕರು ಮಾತು ಕೊಟ್ಟು, ಕೊನೆಯ ವಾರ ಫೋನ್ ಎತ್ತಲಿಲ್ಲ. ಹಾಲ್, ಸೌಂಡ್, ಮೈಕಿನವರ ಖರ್ಚಿಗೆ ಕೈ ಹಿಡಿದದ್ದು ನಮ್ಮ ರಸ್ತೆಯ ದರ್ಶಿನಿ, ಒಂದು ಗಾಣದ ಎಣ್ಣೆ ಅಂಗಡಿ, ಒಬ್ಬ ಫಿಸಿಯೋಥೆರಪಿಸ್ಟ್. ಉಳಿದದ್ದು ನನ್ನ ಜೇಬಿನಿಂದ.

ಮೂರು ಸಾವಿರಕ್ಕೆ ಯಾರೂ ಕೆಲಸ ಬಿಟ್ಟು ಆಡುವುದಿಲ್ಲ, ಗೊತ್ತು. ಆದರೆ ಕವರ್ ಕೈಗಿಟ್ಟಾಗ ಒಬ್ಬ ಹುಡುಗ "ಸರ್, ಇದು ವಾಪಸ್ ಕೊಡಬೇಕಾ?" ಅಂತ ಕೇಳಿದ. ಎಂಟು ವರ್ಷದಿಂದ ಆಡುತ್ತಿದ್ದಾನೆ. ಆಟದಿಂದ ಅವನ ಕೈಗೆ ದುಡ್ಡು ಬಂದದ್ದು ಅದೇ ಮೊದಲು.

ಮುಂದಿನ ಆಷಾಢಕ್ಕೆ ಅದೇ ಛತ್ರಕ್ಕೆ ಅಡ್ವಾನ್ಸ್ ಕೊಟ್ಟಿದ್ದೇನೆ. ಈ ಸಲ ನಾಲ್ಕು ತಂಡ, ಎರಡು ಭಾನುವಾರ. ಛತ್ರದ ಮಾಲೀಕರು ಮೂರು ಪದರ ಪ್ಲೈವುಡ್ ಹಾಕಲೇಬೇಕು ಅಂದಿದ್ದಾರೆ. ಬಾಲ್ಕನಿಯ ಮುಂದಿನ ಸಾಲು ಮಾತ್ರ ತಮ್ಮ ಮನೆಯವರಿಗೆ ಬಿಡಬೇಕಂತೆ.