ಸಿಂಗಪುರಕ್ಕೆ ಹೊಸದಾಗಿ ಬಂದವರಿಗೆ: ನಿಮ್ಮ ನಾಲಗೆಗೆ ಹಿಡಿಸುವ ಡುರಿಯನ್ ಯಾವುದು?

ಜೂನ್ ಬಂತೆಂದರೆ ಸಿಂಗಪುರದ ಬಡಾವಣೆಯಾದ ಗೇಲಾಂಗ್‌ನ ರಸ್ತೆಬದಿಯ ಅಂಗಡಿಗಳಲ್ಲಿ ಮುಳ್ಳುಸಿಪ್ಪೆಯ, ಕಟುವಾಸನೆಯ ಹಣ್ಣಾದ ಮಲೇಷ್ಯಾದ ಡುರಿಯನ್ ರಾಶಿ ಬೀಳುತ್ತದೆ. ಹೊಸದಾಗಿ ಬಂದ ನಮ್ಮವರಲ್ಲಿ ಹಲವರು ಮೊದಲ ಸಲವೇ ಹೆಸರುವಾಸಿಯಾದ ಮುಸಾಂಗ್ ಕಿಂಗ್ ತಳಿಯನ್ನು ಕೊಂಡು, ಅದರ ಕಹಿ ಸೇರದೆ, ಈ ಹಣ್ಣಿನ ಸಹವಾಸವೇ ಬೇಡವೆಂದು ಬಿಟ್ಟುಬಿಡುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಹಲಸಿನಲ್ಲಿ ಗಟ್ಟಿ ತೊಳೆಯ ಬಕ್ಕೆಯನ್ನು ಮೆಚ್ಚುವವರು ಮೆತ್ತನೆಯ ಅಂಬಲಿ ಹಲಸನ್ನು ಮುಟ್ಟದಿರುವಂತೆ, ಇಲ್ಲಿಯೂ ತಳಿಯಿಂದ ತಳಿಗೆ ರುಚಿ ಮತ್ತು ತಿರುಳಿನ ಹದ ಬದಲಾಗುತ್ತವೆ. ಆದ್ದರಿಂದ ನಿಮಗೆ ಬೇಕಾದದ್ದು ಬರಿಯ ಸಿಹಿಯೋ, ಕಹಿ ಬೆರೆತ ಸಿಹಿಯೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. ಡಿ13, ಡಿ24 ಎಂಬ ಫಲಕಗಳಲ್ಲಿರುವುದು ಮಲೇಷ್ಯಾದ ಕೃಷಿ ಇಲಾಖೆಯು ತಳಿಗೆ ಕೊಟ್ಟ ನೋಂದಣಿ ಸಂಖ್ಯೆಯೇ ಹೊರತು ಗುಣಮಟ್ಟದ ದರ್ಜೆಯಲ್ಲ.

ಸಿಹಿಯನ್ನಷ್ಟೇ ಬಯಸುವವರಿಗೂ ಮಕ್ಕಳಿಗೂ ಡಿ13 ಒಳ್ಳೆಯ ಆರಂಭ. ಬೀಜ ದಪ್ಪ, ತಿರುಳು ಕಡಿಮೆ, ಆದರೆ ಕಿತ್ತಳೆ ಬಣ್ಣದ ಆ ತೊಳೆಯಲ್ಲಿ ಕಹಿಯ ಸುಳಿವು ಅಪರೂಪ. ಪೆನಾಂಗ್‌ನ ರೆಡ್ ಪ್ರಾನ್ ಕೂಡ ಇದೇ ಸಾಲಿಗೆ ಸೇರುತ್ತದೆ. 1937ರಲ್ಲಿ ನೋಂದಣಿಯಾದ ಡಿ24, ಬೆಣ್ಣೆಯಂತಹ ತಿಳಿಹಳದಿ ತಿರುಳಿನಲ್ಲಿ ಸಿಹಿಯ ಜೊತೆಗೆ ತುಸು ಕಹಿಯನ್ನೂ ಕೊಡುವುದರಿಂದ, ಎರಡನೆಯ ಮೆಟ್ಟಿಲಾಗಿ ನಾನು ಅದನ್ನೇ ಶಿಫಾರಸು ಮಾಡುತ್ತೇನೆ.

ಮುಸಾಂಗ್ ಕಿಂಗ್‌ನ ಸಂಖ್ಯೆ ಡಿ197, ನೋಂದಣಿಯಾದದ್ದು 1993ರಲ್ಲಿ. ಸಿಂಗಪುರದಲ್ಲಿ ಇದನ್ನು ಮಾವೊ ಶಾನ್ ವಾಂಗ್ ಎನ್ನುತ್ತಾರೆ. ಅಚ್ಚ ಅರಿಸಿನ ಬಣ್ಣದ ದಟ್ಟ ತಿರುಳು ಬಾಯಲ್ಲಿ ಮೊದಲು ಸಿಹಿಯಾಗಿ ಕರಗಿ, ಆಮೇಲೆ ನಾಲಗೆಯ ಹಿಂಬದಿಯಲ್ಲಿ ಕಹಿಯಾಗಿ ನಿಲ್ಲುತ್ತದೆ. ಬೀಜ ಸಣ್ಣದಾಗಿ ಚಪ್ಪಟೆಯಾಗಿರುವುದರಿಂದ ಕೊಟ್ಟ ಹಣಕ್ಕೆ ತಿರುಳೂ ಹೆಚ್ಚು. ಬೇರೆ ತಳಿಯನ್ನು ಇದರ ಹೆಸರಿನಲ್ಲಿ ಮಾರುವವರೂ ಇರುವುದರಿಂದ ಹಣ್ಣನ್ನು ತಿರುಗಿಸಿ ತಳವನ್ನು ನೋಡಿ: ಅಲ್ಲಿ ಮುಳ್ಳುಗಳ ನಡುವೆ ನಕ್ಷತ್ರದಂತೆ ಐದು ಗೆರೆಗಳು ಕೂಡುವ ಬೋಳು ಜಾಗ ಇರಬೇಕು. ಹಳೆಯ ಮರದ ಹಣ್ಣಿಗೆ ಕಹಿ ಹೆಚ್ಚು ಎಂಬುದು ವ್ಯಾಪಾರಿಗಳ ಅನುಭವ. ಹಾಗಾಗಿ ‘ಸ್ವೀಟ್’ ಬೇಕೋ ‘ಬಿಟರ್’ ಬೇಕೋ ಎಂದು ಸಂಕೋಚವಿಲ್ಲದೆ ಹೇಳಿ. ಒಳ್ಳೆಯ ವ್ಯಾಪಾರಿ ಸಿಪ್ಪೆಯಲ್ಲಿ ಸಣ್ಣ ಕಿಂಡಿ ಕೊಯ್ದು ತಿರುಳನ್ನು ತೋರಿಸಿಯೇ ಕೊಡುತ್ತಾನೆ.

ವಾಸನೆಯೇ ತೊಡಕಾಗಿದ್ದರೆ ಥಾಯ್ಲೆಂಡಿನ ಮೊಂತಾಂಗ್ ತಳಿಯಿಂದ ತೊಡಗಿ. ಮಲೇಷ್ಯಾದಲ್ಲಿ ಹಣ್ಣು ತಾನಾಗಿ ಉದುರುವವರೆಗೆ ಕಾಯುವುದು ರೂಢಿ. ಥಾಯ್ಲೆಂಡಿನಲ್ಲಿ ಬಲಿತ ಕಾಯನ್ನು ಮರದಿಂದಲೇ ಕೊಯ್ದು ಹಣ್ಣು ಮಾಡುವುದರಿಂದ ವಾಸನೆ ಸೌಮ್ಯವಾಗಿಯೂ ತಿರುಳು ಗಟ್ಟಿಯಾಗಿಯೂ ಇರುತ್ತದೆ.

ಬೆಲೆ ಸಾಮಾನ್ಯವಾಗಿ ಸಿಪ್ಪೆಸಹಿತ ಕಿಲೋಗೆ ಎಂಬುದನ್ನು ಮರೆಯಬೇಡಿ. ಎಂಆರ್‌ಟಿ ನಗರ ರೈಲಿನಲ್ಲಿ ಡುರಿಯನ್ ಒಯ್ಯುವಂತಿಲ್ಲವಾದ್ದರಿಂದ ಅಂಗಡಿಯ ಮೇಜಿನಲ್ಲೇ ಕುಳಿತು ತಿನ್ನುವುದು ಲೇಸು. ಎರಡು ತಳಿ ಕೊಂಡರೆ ಸೌಮ್ಯವಾದದ್ದನ್ನು ಮೊದಲು ತಿನ್ನಿ; ಮುಸಾಂಗ್ ಕಿಂಗ್ ತಿಂದ ಬಾಯಿಗೆ ಡಿ13 ಸಪ್ಪೆಯೆನಿಸುತ್ತದೆ.