ಪಾಸ್‌ಪೋರ್ಟ್‌ಗೆ ಮೊದಲು ನಿಮ್ಮ ಇನಿಷಿಯಲ್ ಬಿಡಿಸಿ

ಪಾಸ್‌ಪೋರ್ಟ್ ಮಾಡಿಸಲು ಹೋಗಿ ಮುಖ ಸಪ್ಪೆ ಮಾಡಿಕೊಂಡು ವಾಪಸ್ ಬಂದವರು ನಮ್ಮ ಮನೆಯಲ್ಲೇ ಮೂವರಿದ್ದಾರೆ. ಮೂವರದ್ದೂ ಒಂದೇ ತಕರಾರು, ಹೆಸರು. ಅಪ್ಪನನ್ನೂ ಊರನ್ನೂ ಎರಡು ಇಂಗ್ಲಿಷ್ ಅಕ್ಷರಕ್ಕೆ ಮಡಚಿಟ್ಟುಕೊಳ್ಳುವುದು ನಮ್ಮ ದಾವಣಗೆರೆ ಕಡೆಯ ರೂಢಿ. ಅರ್ಜಿಯಲ್ಲಿ ಕಾಲಿಗೆ ತೊಡರುವುದು ಅದೇ.

ಮೊದಲು ವೆಬ್‌ಸೈಟ್. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಎಂಬಂತೆ ವೇಷ ಹಾಕಿದ ಖಾಸಗಿ ತಾಣಗಳೂ ಸಿಗುತ್ತವೆ. ದುಡ್ಡು ಕಿತ್ತುಕೊಂಡು ಸುಮ್ಮನಾಗುತ್ತವೆ. ವಿಳಾಸ ‘ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್’ ಇರಲಿ, ಇಲ್ಲವೇ ಎಂಪಾಸ್‌ಪೋರ್ಟ್ ಸೇವಾ ಆ್ಯಪ್ ಬಳಸಿ. ಖಾತೆಗೆ ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಸೈಬರ್ ಸೆಂಟರ್ ಹುಡುಗ ತನ್ನ ಇಮೇಲ್ ಹಾಕಿ ಮುಗಿಸಿದರೆ, ಪಾಸ್‌ವರ್ಡ್‌ಗಾಗಿ ನೀವು ಅವನ ಅಂಗಡಿ ಬಾಗಿಲು ಕಾಯಬೇಕು.

ಹಳೆಯ ಪಾಸ್‌ಪೋರ್ಟ್ ಇದ್ದವರು ‘ರೀ-ಇಶ್ಯೂ’ ಒತ್ತಬೇಕು, ‘ಫ್ರೆಶ್’ ಅಲ್ಲ. ‘ರಿನ್ಯೂವಲ್’ ಎಂಬ ಪದ ಹುಡುಕುತ್ತಾ ಕೂರಬೇಡಿ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಹಾಕಿಬಿಡಿ, ಏಕೆಂದರೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುವ ದೇಶಗಳೇ ಹೆಚ್ಚು.

ಈಗ ಹೆಸರು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ಉದಾಹರಣೆಗೆ ಕೆ. ಎಸ್. ಮಂಜುನಾಥ ಎಂದಿಟ್ಟುಕೊಳ್ಳಿ. ಕೆ ಅಂದರೆ ಊರು ಕೊಂಡಜ್ಜಿ, ಎಸ್ ಅಂದರೆ ಅಪ್ಪ ಸಿದ್ದಪ್ಪ. ಫಾರಂನಲ್ಲಿ ಎರಡು ಖಾನೆ: ‘ಗಿವನ್ ನೇಮ್’, ‘ಸರ್‌ನೇಮ್’. ಗಿವನ್ ನೇಮ್‌ನಲ್ಲಿ ಮಂಜುನಾಥ, ಸರ್‌ನೇಮ್‌ನಲ್ಲಿ ಕೊಂಡಜ್ಜಿ ಸಿದ್ದಪ್ಪ. ನನ್ನ ಮಾತು ಕೇಳುವುದಾದರೆ ಹೀಗೇ ಬರೆಯಿರಿ. ವಿದೇಶದಲ್ಲಿ ಯಾರೋ ‘ಮಿಸ್ಟರ್ ಕೊಂಡಜ್ಜಿ’ ಎಂದು ಕೂಗಿದರೆ ನಷ್ಟವೇನಿಲ್ಲ, ಊರಿನ ಹೆಸರೇ ತಾನೇ.

ಸರ್‌ನೇಮ್ ಖಾನೆ ಖಾಲಿ ಬಿಡಲು ಫಾರಂ ಅಡ್ಡಿ ಮಾಡುವುದಿಲ್ಲ. ಆಮೇಲೆ ಅನುಭವಿಸುವವರು ನೀವು. ಅಮೆರಿಕದ ವೀಸಾದಲ್ಲಿ ಅಂಥವರ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಕೂರುತ್ತದೆ. ‘ಹೆಸರು ಗೊತ್ತಿಲ್ಲ’ ಎಂದು ಅರ್ಥ. ದುಬೈ ಕನಸಿದ್ದವರಿಗೆ ಇನ್ನೊಂದು ಮಾತು: ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರ ವಿಸಿಟ್ ವೀಸಾಕ್ಕೆ ಯುಎಇ 2022ರ ನವೆಂಬರ್‌ನಿಂದ ತಕರಾರು ತೆಗೆದಿದೆ.

ಅರ್ಜಿ ತುಂಬುವ ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್ ಮೂರನ್ನೂ ಊಟದ ಟೇಬಲ್ ಮೇಲೆ ಸಾಲಾಗಿ ಇಟ್ಟು ಒಂದೊಂದೇ ಇಂಗ್ಲಿಷ್ ಅಕ್ಷರ ಬೆರಳಿಟ್ಟು ಓದಿ. ನನ್ನ ಅಕ್ಕನ ಮಗನದ್ದು ಅಂಕಪಟ್ಟಿಯಲ್ಲಿ ‘ಬಸವರಾಜ್’, ಆಧಾರ್‌ನಲ್ಲಿ ‘ಬಸವರಾಜು’. ಕೊನೆಗೊಂದು ‘ಯು’ ಅಷ್ಟೇ ಹೆಚ್ಚು. ಅದೊಂದಕ್ಕೆ ಎರಡು ಸಲ ಓಡಾಡಿದ. ಅಂಕಪಟ್ಟಿ ತಿದ್ದಿಸುವ ಸಾಹಸ ಬೇಡ, ಆಧಾರ್ ಅನ್ನು ಅಂಕಪಟ್ಟಿಗೆ ಸರಿಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಅಕ್ಷರ ನೋಡಿಕೊಂಡು ಕೊಡಿ. ಅಂಕಪಟ್ಟಿಗೆ ಇನ್ನೊಂದು ಉಪಯೋಗವಿದೆ: ಎಸ್ಸೆಸ್ಸೆಲ್ಸಿ ಪಾಸಾದವರಿಗೆ ‘ನಾನ್-ಇಸಿಆರ್’ ದರ್ಜೆಯ ಪಾಸ್‌ಪೋರ್ಟ್ ಸಿಗುತ್ತದೆ, ಅಂದರೆ ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೊರಟವರಿಗೆ ವಲಸೆ ಅನುಮತಿಯ ಗೋಜು ಇರುವುದಿಲ್ಲ.

ಹುಟ್ಟಿದ ಊರಿನಲ್ಲೂ ನಮಗೊಂದು ಪೇಚಿದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಹುಟ್ಟಿದವರ ಜನನ ಪ್ರಮಾಣಪತ್ರದಲ್ಲಿ ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿರುತ್ತವೆ, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿ. ಹರಪನಹಳ್ಳಿಯವರ ಪಾಡು ಹೇಳಬೇಡಿ: ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಊರಿನ ಹೆಸರಿನ ಸ್ಪೆಲಿಂಗ್ ದಾಖಲೆಯಲ್ಲಿದ್ದಂತೆಯೇ ಇರಲಿ. ಜಿಲ್ಲೆಯ ಬಗ್ಗೆ ಕೌಂಟರಿನಲ್ಲಿ ಕೇಳಿದರೆ ಗಾಬರಿಯಾಗದೆ ಈ ಕಥೆ ಹೇಳಿ.

ವಿಳಾಸ ಎಂದರೆ ಈಗ ರಾತ್ರಿ ಮಲಗುವ ಮನೆ. ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ದಾವಣಗೆರೆ ವಿದ್ಯಾನಗರದ ಮನೆ ವಿಳಾಸ ಕೊಟ್ಟರೆ, ಪೊಲೀಸರು ವಿಚಾರಣೆಗೆ ಬಂದಾಗ ಅಮ್ಮ ‘ಅವ್ನು ಬೆಂಗ್ಳೂರಾಗದಾನ್ರೀ’ ಅಂತಾರೆ, ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಶುಲ್ಕ ವಯಸ್ಕರಿಗೆ 36 ಪುಟಕ್ಕೆ 1,500 ರೂಪಾಯಿ, 60 ಪುಟಕ್ಕೆ 2,000. ತತ್ಕಾಲ್ ಆದರೆ ಮೇಲೆ ಇನ್ನೂ 2,000. ವರ್ಷಕ್ಕೊಮ್ಮೆ ಮಗಳ ಮನೆಗೆ ಹೋಗುವವರಿಗೆ 36 ಪುಟ ಧಾರಾಳ. ಆನ್‌ಲೈನ್‌ನಲ್ಲೇ ಕಟ್ಟಿ, ದಿನಾಂಕ ಹಿಡಿಯಿರಿ. ದಾವಣಗೆರೆಯ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರದಲ್ಲಿ ಸಿಗದಿದ್ದರೆ ಹುಬ್ಬಳ್ಳಿಯನ್ನೂ ನೋಡಿ.

ಆ ದಿನ ಮೂಲ ದಾಖಲೆ, ಜೆರಾಕ್ಸ್, ಹಳೆಯ ಪಾಸ್‌ಪೋರ್ಟ್ ಒಯ್ಯಿರಿ. ಫೋಟೊ ಅಲ್ಲೇ ತೆಗೆಯುತ್ತಾರೆ, ಸ್ಟುಡಿಯೊಗೆ ದುಡ್ಡು ಸುರಿಯಬೇಡಿ. ನಾಲ್ಕು ವರ್ಷದೊಳಗಿನ ಮಕ್ಕಳದ್ದಾದರೆ ಮಾತ್ರ ಬಿಳಿ ಹಿನ್ನೆಲೆಯ ಫೋಟೊ ಬೇಕು. ಸಿಬ್ಬಂದಿ ವಿವರ ಪರಿಶೀಲಿಸಲು ಹೇಳಿದಾಗ ‘ಎಲ್ಲ ಸರಿ ಇದೆ ಸಾರ್’ ಎಂದು ತಲೆಯಾಡಿಸಬೇಡಿ. ಕನ್ನಡಕ ಹಾಕಿಕೊಂಡು ಓದಿ. ನನ್ನ ಅಕ್ಕನ ಮಗ ತಲೆಯಾಡಿಸಿದವನೇ.

ಪಾಸ್‌ಪೋರ್ಟ್ ಬರುವುದು ಸ್ಪೀಡ್ ಪೋಸ್ಟ್‌ನಲ್ಲಿ. ಪೋಸ್ಟ್‌ಮನ್ ಅದನ್ನು ಪಕ್ಕದ ಮನೆಯವರ ಕೈಗೆ ಕೊಡುವುದಿಲ್ಲ. ನೀವೇ ಇದ್ದು, ಗುರುತಿನ ಚೀಟಿ ತೋರಿಸಿ ತೆಗೆದುಕೊಳ್ಳಬೇಕು. ಪೊಲೀಸ್ ವಿಚಾರಣೆ ಮುಗಿದ ವಾರದಲ್ಲಿ ಧರ್ಮಸ್ಥಳಕ್ಕೆ ಹೊರಡಬೇಡಿ.